ಲೆಕ್ಕದವಳು

ನನ್ನ ಜೇಬಿನಲ್ಲೊಂದು ಪುಟ್ಟ ಯಂತ್ರ,
ಜಾತ್ರೆಯ ಗೇಟಿನಲ್ಲಿ ತಲೆ ಎಣಿಸುವಂಥದ್ದು.
ನಾನು ಎಣಿಸುವುದು ಕೈ.
ಕಿಸುಮುವಿನ ಈ ಆಸ್ಪತ್ರೆಯಲ್ಲಿ,
ದಿನ ತುಂಬದೆ ಹುಟ್ಟಿದ ಕೂಸುಗಳ ಕೋಣೆಯಲ್ಲಿ,
ಮುಟ್ಟುವ ಮೊದಲು ತೊಳೆದರೆ ಬಲಗುಂಡಿ,
ತೊಳೆಯದಿದ್ದರೆ ಎಡಗುಂಡಿ.
ಎಡಗುಂಡಿಯ ಬಣ್ಣ ಸವೆದುಹೋಗಿದೆ.

ಬಾಗಿಲಲ್ಲಿ ನಾನು ಕಂಡರೆ ಸಾಕು
ನಲ್ಲಿಗಳಿಗೆಲ್ಲ ಒಮ್ಮೆಗೇ ಜೀವ.
ಯಾರೋ ಕೆಮ್ಮುತ್ತಾರೆ,
ಅವೂರ್ ಬಂದಳು ಎಂಬುದಕ್ಕೆ ಆ ಕೆಮ್ಮೇ ಸುದ್ದಿ.
ಅದಕ್ಕೇ ಈಗ ಪರದೆಯ ಹಿಂದೆ,
ಮಡಚಿಟ್ಟ ಬೆಡ್‌ಶೀಟುಗಳ ಪಕ್ಕ ನಿಲ್ಲುತ್ತೇನೆ,
ಐವತ್ತೆರಡರ ಹೆಂಗಸು
ಕಣ್ಣಾಮುಚ್ಚಾಲೆ ಆಡಿದ ಹಾಗೆ.

ದೊಡ್ಡ ಡಾಕ್ಟರು ಒಬಿಯೆರೊ.
ಅವರ ಕೈಗುಣ ಸರೋವರದ ದ್ವೀಪಗಳಲ್ಲೂ ಮಾತು.
ಆ ಕೈ ಒಮ್ಮೆ ಮುಟ್ಟಲಿ ಎಂದು
ದೋಣಿ ಹತ್ತಿ ಬರುತ್ತಾರೆ ಜನ.
ಆ ಕೈ
ಮೂರನೇ ತೊಟ್ಟಿಲಿನಿಂದ ನಾಲ್ಕಕ್ಕೆ,
ನಾಲ್ಕರಿಂದ ಫೋನಿಗೆ,
ಫೋನಿನಿಂದ ಐದಕ್ಕೆ.
ಎಡ. ಎಡ.
ಹೇಗೆ ಹೇಳಲಿ ಅವರಿಗೆ,
ಗುಣ ಕೈಯೊಳಗಿದೆ ಡಾಕ್ಟರೇ, ಒಪ್ಪಿದೆ,
ಕೈಯ ಮೇಲಿರುವುದು ಬೇರೆ.

ನೆವಗಳೆಲ್ಲ ಸುಳ್ಳೂ ಅಲ್ಲ.
ಮೂವತ್ತೊಂದು ಕೂಸಿಗೆ ಇಬ್ಬರೇ ನರ್ಸು.
ಮಧ್ಯಾಹ್ನ ಎರಡಕ್ಕೆ ನೀರು ನಿಲ್ಲುತ್ತದೆ.
ಅಡೆರೊ, ಹೋದ ತಿಂಗಳು ಸೇರಿದ ಹುಡುಗಿ,
ಬೆರಳು ಬಿಡಿಸಿ ತೋರಿಸಿದಳು.
ಸ್ಪಿರಿಟ್ಟಿಗೆ ಗೆಣ್ಣುಗೆಣ್ಣೂ ಒಡೆದು
ಬೇಸಿಗೆಯ ಕೆರೆಯಂಗಳ.
"ಉರಿಯುತ್ತೆ ಸಿಸ್ಟರ್. ಗ್ಲೌಸ್ ಇದೆಯಲ್ಲ?"
ಗ್ಲೌಸು ಮಗುವಿನ ಪಾಲಿಗೆ ಇನ್ನೊಂದು ಚರ್ಮ ಅಷ್ಟೇ,
ಅದೂ ಕೊಳೆಯಾಗುತ್ತದೆ ಎಂದೆ.
ಮರುದಿನ ಅವಳ ಜೇಬಿಗೆ
ನನ್ನ ದುಡ್ಡಿನ ಒಂದು ಡಬ್ಬಿ ವ್ಯಾಸಲಿನ್ ಹಾಕಿದೆ.
ಪೋಸ್ಟರು ಮಾಡದ್ದನ್ನು ಆ ಡಬ್ಬಿ ಮಾಡಿತು.
ಪೋಸ್ಟರು ಈಗ ಗೋಡೆಯೇ ಆಗಿದೆ,
ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಗೈ, ಹಿಂಗೈ, ಬೆರಳ ಸಂದು, ಉಗುರು.
ಹೆಬ್ಬೆರಳನ್ನು ಮಾತ್ರ ಎಲ್ಲರೂ ಮರೆಯುತ್ತಾರೆ,
ಕೂಸಿನ ಎದೆ ಒತ್ತುವ ಬೆರಳೇ ಅದು.
ಹೊಣೆ ಬಿಟ್ಟವರನ್ನು ಕಂಡು
ಕೈ ತೊಳೆದುಕೊಂಡರು ಅನ್ನುತ್ತೇವಲ್ಲ,
ಇಲ್ಲಿ ತೊಳೆದ ಮೇಲೇ ಹೊಣೆ ಶುರು.

ಎಲ್ಲರ ಎದೆಗೂ ಒಂದು ಬಿಲ್ಲೆ ಚುಚ್ಚಿಸಿದೆ,
"ಕೈ ತೊಳೆದಿರಾ ಎಂದು ನನ್ನನ್ನು ಕೇಳಿ."
ನಾಲ್ಕು ತಿಂಗಳು, ಒಬ್ಬ ತಾಯಿಯೂ ಕೇಳಲಿಲ್ಲ.
ಮಗು ಯಾರ ಕೈಯಲ್ಲಿದೆಯೋ
ಅವರ ಕೈಯನ್ನು ಪ್ರಶ್ನೆ ಮಾಡುವುದು ಹೇಗೆ?

ಒಂದು ರಾತ್ರಿ ಎಂಟನೇ ಪೆಟ್ಟಿಗೆ ಕೂಗಿತು.
ಹುಡುಗಿಯರಿಬ್ಬರೂ ಹೆರಿಗೆ ಕೋಣೆಗೆ ಓಡಿದ್ದರು.
ಪರದೆ ಸರಿಸಿ ನುಗ್ಗಿದೆ,
ಗಾಜಿನ ಕಿಂಡಿಯೊಳಗೆ ಇನ್ನೇನು ಕೈ.
"ಸಿಸ್ಟರ್."
ಅಜ್ವಾಂಗ್, ಮೀನು ಒಣಗಿಸಿ ಮಾರುವವಳು,
ಸಾವಿರದ ನೂರ ನಲವತ್ತು ಗ್ರಾಮಿನ ತಾಯಿ,
ಕೂಸಿನ ಉಸಿರಿಗಿಂತ ತಗ್ಗಿದ ದನಿಯಲ್ಲಿ
"ನೀವು... ಕೈ?"

ನನ್ನ ಹೆಬ್ಬೆರಳು ಇನ್ನೂ ಯಂತ್ರದ ಮೇಲಿತ್ತು.
ದಿನವೂ ಜೇಬಿನಲ್ಲಿ ಮಲಗಿ
ಎಲ್ಲರ ತಪ್ಪು ಹೊತ್ತ ಆ ಯಂತ್ರವನ್ನು
ಒಂದು ದಿನವೂ ಒರೆಸಿರಲಿಲ್ಲ ನಾನು.

ಕೈ ಹಿಂದಕ್ಕೆಳೆದೆ. ಸ್ಪಿರಿಟು ಸುರಿದುಕೊಂಡೆ.
ಪೆಟ್ಟಿಗೆ ಕೂಗುತ್ತಲೇ ಇತ್ತು.
ಅವಳು ತುಟಿ ಅಲುಗಿಸಿ ಎಣಿಸುತ್ತಿದ್ದಳು,
ಅಚಿಯೆಲ್, ಅರಿಯೊ, ಅದೆಕ್...
ಮೊದಲ ಸಲ ಯಾರೋ ನನ್ನನ್ನು ಎಣಿಸುತ್ತಿದ್ದರು.
ಇಪ್ಪತ್ತಕ್ಕೆ ತಲೆಯಾಡಿಸಿದಳು.
ಕಾಲಿನ ತಂತಿ ಸಡಿಲವಾಗಿತ್ತು, ಅಷ್ಟೇ.
ಕೂಸು ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿತ್ತು.

ಬೆಳಿಗ್ಗೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ
ಎಡಗುಂಡಿಯ ಪಟ್ಟಿ ಬರೆದೆ,
ಎಲ್ಲಕ್ಕಿಂತ ಮೇಲೆ ನನ್ನ ಹೆಸರು.
ಒಬಿಯೆರೊ ನಿಂತು ಓದಿದರು.
ಅದನ್ನು ಓದಿಯೇ ಬದಲಾದರು ಎನ್ನಲಾರೆ,
ಅವತ್ತು ನಲ್ಲಿಯಲ್ಲಿ ನೀರೇ ಇರಲಿಲ್ಲ.
ಕಸ ಗುಡಿಸುವ ಒಕುಮು ಡ್ರಮ್ಮಿನಿಂದ ಮಗ್ಗು ಎತ್ತಿದ,
ಡಾಕ್ಟರು ಬಗ್ಗಿ, ತೋಳು ಮಡಚಿ,
ಊಟಕ್ಕೆ ಕೂರುವ ಮಗುವಿನಂತೆ ಕೈಯೊಡ್ಡಿದರು.
"ಹೆಬ್ಬೆರಳು," ಎಂದ ಒಕುಮು.

ಅಜ್ವಾಂಗ್ ಈಗ ಎಲ್ಲರನ್ನೂ ಕೇಳುತ್ತಾಳೆ,
ಬಿಲ್ಲು ತರುವ ಗುಮಾಸ್ತನನ್ನೂ.
ಕೂಸು ಸಾವಿರದ ಮುನ್ನೂರ ಹತ್ತು.